ಬೇವಿನ ಬುಡದ ಕುಣಿ

ಮಕ್ತಲ್‌ನ ನಮ್ಮ ಮನೆಗೆ ಶರಣಮ್ಮ ಯಾವತ್ತೂ ಮುಂಬಾಗಿಲಿನಿಂದ ಬಂದವಳಲ್ಲ. ಸಂದಿಯಿಂದ ಹಿತ್ತಲಿಗೆ ಬಂದು, ಬೇವಿನ ಬುಡದ ಒಂದು ಮೊಳ ಜಾಗದ ಮೇಲೆ ಚಪ್ಪಲಿ ಬಿಟ್ಟು ನಿಲ್ಲುವಳು. ಅಲ್ಲಿಂದಲೇ ಒಳಗಿದ್ದ ನನ್ನ ಅಪ್ಪನನ್ನು ಕೂಗಿ ಕೇಳುವಳು: "ನನ್ನ ಕುಣಿ ಹೆಂಗೈತ್ರೀ ದೊಡ್ಡಪ್ಪಾ? ಹಸಿವಿಲ್ಲಲ್ಲ ಅದಕ್ಕ?"

ಅಪ್ಪ ಎದ್ದು ಹಿತ್ತಲ ಬಾಗಿಲು ಹಾಕಿಕೊಳ್ಳುತ್ತಿದ್ದ.

ಅವಳು ನನ್ನ ಚಿಕ್ಕಪ್ಪನ ಮಗಳು. ಬಸಿರಿಗೆ ಆರು ತಿಂಗಳು ತುಂಬುತ್ತಲೇ ನಾರಾಯಣಪೇಟೆಯ ಆಸ್ಪತ್ರೆಯಲ್ಲಿ ಹುಟ್ಟಿದಳು. ಅಂಗೈಯಷ್ಟು ಕೂಸು, ಚರ್ಮದೊಳಗಿನ ನರ ಕಾಣುತ್ತಿತ್ತಂತೆ. ಸಂಜೆ ದಾಟದು ಎಂದು ಯಾರೋ ಹೇಳಿಕಳಿಸಿದ್ದೇ ತಡ, ಮನೆಯ ಹಿರಿಯನಾದ ಅಪ್ಪ ಹೂಳಲೆಂದು ಬೇವಿನ ಬುಡದಲ್ಲಿ ಕುಣಿ ತೋಡಿಬಿಟ್ಟ. ಸಂಜೆಯಾಯಿತು, ಬೆಳಗಾಯಿತು, ಕೂಸು ಉಸಿರಾಡುತ್ತಲೇ ಇತ್ತು. ತೋಡಿದ ಕುಣಿಯನ್ನು ಬರಿದೆ ಮುಚ್ಚಬಾರದು, ಹಸಿದ ಕುಣಿ ಮನೆಯವರಲ್ಲೊಬ್ಬರನ್ನು ಬಲಿ ಕೇಳುತ್ತದೆ ಎಂಬುದು ನಮ್ಮವರ ನಂಬಿಕೆ. ಕೂಸಿಗೆಂದು ಹೊಲಿದಿಟ್ಟ ಅಂಗಿಯಲ್ಲಿ ರುಬ್ಬುವ ಗುಂಡುಕಲ್ಲನ್ನು ಸುತ್ತಿ ಅಪ್ಪ ಹೂತ. ಕಲ್ಲು ಹೊತ್ತು ತಂದುಕೊಟ್ಟವಳು ನಾನು. ನನಗಾಗ ಏಳು ವರ್ಷ.

ಕುಣಿ ತುಂಬಿಸಿದ ಮೇಲೆ ಆ ಕೂಸು ಸತ್ತಂತೆಯೇ ಲೆಕ್ಕ, ಈ ಹೊಸ್ತಿಲು ದಾಟಬಾರದೆಂದ ಅಪ್ಪ. ಚಿಕ್ಕಪ್ಪ ಅಣ್ಣನ ಮಾತು ಮೀರಲಿಲ್ಲ. ಚಿಕ್ಕಮ್ಮ ಕೂಸನ್ನು ಅರಳೆಯಲ್ಲಿ ಸುತ್ತಿ, ಎದೆಗೆ ಕಟ್ಟಿಕೊಂಡು, ಗದ್ವಾಲಿನ ತವರಿಗೆ ಹೋದಳು.

ದೊಡ್ಡವಳಾದರೂ ಶರಣಮ್ಮ ನನ್ನ ಹೆಗಲೆತ್ತರ ಮುಟ್ಟಲಿಲ್ಲ. ಒಂದು ಕಣ್ಣು ಪೂರ್ತಿ ಕಾಣದು, ಇನ್ನೊಂದಕ್ಕೆ ಸೀಸೆಯ ತಳದಂಥ ಕನ್ನಡಕ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತಂದುಕೊಳ್ಳುವಳು. ಗದ್ವಾಲಿನ ಸೀರೆ ಅಂಗಡಿಯಲ್ಲಿ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡುವಲ್ಲಿ ಬೆರಳಾಡಿಸಿ, ಎಳೆ ತಪ್ಪಿದ್ದನ್ನು ಹಿಡಿಯುವ ಕೆಲಸ ಅವಳದು. "ಕಣ್ಣಿದ್ದೋರು ದಾಟಿ ಹೋಗ್ತಾರ. ನಾ ಬಿಡಂಗಿಲ್ಲ" ಅನ್ನುತ್ತಿದ್ದಳು.

ತೆಲಂಗಾಣ ಬಂದ ದಿನ ಅಪ್ಪ ಬಾಗಿಲಲ್ಲಿ ಪೇಡೆ ಹಂಚುತ್ತಿದ್ದ. ಶರಣಮ್ಮ ಓಣಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದಳು: "ಹೊಸ ರಾಜ್ಯ ಹುಟ್ಟೈತಂತ ಪೇಡೆ ಕೊಡಾಕತ್ತೀರಿ. ಬಾಳತೈತೋ ಇಲ್ಲೋ, ಒಂದು ಕುಣಿ ತೋಡಿಟ್ಟೀರೇನ್ರೀ?"

ಓಣಿಯವರು ನಕ್ಕರು. ಅಪ್ಪನ ಕೈಯಲ್ಲಿ ಪೇಡೆ ಹಾಗೇ ಉಳಿಯಿತು.

"ಆ ಕಲ್ಲು ನಿಮ್ಮ ಕೈಲೆ ತೆಗೀರಿ, ನನ್ನ ಒಳಗ ಕರೀರಿ. ಅಲ್ಲೀತನಕ ಕೇಳತೀನಿ" ಎಂದು ಹೋದಳು.

ಕೆಲವು ವರ್ಷಗಳ ಮೇಲೆ ಅಪ್ಪನಿಗೇ ಉಸಿರು ಸಾಲದಾಯಿತು. ಗಾಳಿಗೆಂದು ಹಿತ್ತಲ ಬಾಗಿಲಲ್ಲಿ ಮಂಚ ಹಾಕಿಸಿಕೊಂಡ. ಒಂದು ಬೆಳಿಗ್ಗೆ ಅವಳನ್ನು ಕರೆಸಿ, ನನ್ನ ತೋಳು ಹಿಡಿದು ಬೇವಿನ ತನಕ ನಡೆದು, ಕೂತುಕೊಂಡು ಸಲಿಕೆಯಿಂದ ಮಣ್ಣು ತೆಗೆದ. ಅರ್ಧ ನಾನು ತೆಗೆದೆ. ಅಂಗಿ ಮಣ್ಣಾಗಿತ್ತು, ಕಲ್ಲು ಹಾಗೇ ಇತ್ತು.

"ತಗೋ ಮಗಳ. ನನ್ನದು ತಪ್ಪಾತು. ಒಳಗ ಬಾ."

ಅವಳು ಕಲ್ಲಿನ ಮೇಲೆ, ಸೀರೆಯ ಅಂಚನ್ನು ನೋಡುವಂತೆ, ಸುತ್ತಲೂ ಬೆರಳಾಡಿಸಿದಳು. ಚೀಲಕ್ಕೆ ಹಾಕಿಕೊಂಡಳು. "ಒಳಗ ಬರಂಗಿಲ್ರಿ. ನಮ್ಮವ್ವ ಸಾಯೋತನಕ ಈ ಮಾತಿಗೆ ಕಾದಳು."

ನಾನು ಮಣ್ಣು ಎಳೆಯಲು ಸಲಿಕೆ ಎತ್ತಿದೆ. ಅವಳು ನನ್ನ ಕೈ ಹಿಡಿದಳು.

"ಬರಿದ ಮುಚ್ಚಬಾರದಲ್ಲಕ್ಕಾ? ಇರ್ಲಿ ಬಿಡು. ಮಂಚದ ಮ್ಯಾಲಿಂದ ಚಂದ ಕಾಣತೈತಿ."

ಹೋದಳು. ಅಪ್ಪ ಹನ್ನೊಂದು ದಿನ ಅದನ್ನೇ ನೋಡುತ್ತ ಮಲಗಿದ್ದ. ಮಂಚ ತಿರುಗಿಸಲೇ ಎಂದು ಕೇಳಿದೆ, ಬೇಡವೆಂದ. ಅವನು ಸತ್ತಾಗ ಅವನ ಕುಣಿಗೆ ಹಿಡಿ ಮಣ್ಣು ಹಾಕಲು ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಹಿತ್ತಲಿನದು ಇನ್ನೂ ತೆರೆದೇ ಇದೆ. ಮಳೆಗೆ ಅಂಚು ಕುಸಿದಾಗಲೆಲ್ಲ ಬಗ್ಗಿ ಮಣ್ಣು ಹೊರಗೆ ಎತ್ತಿ ಹಾಕುವವಳು ನಾನೇ.