ಅಳಿಸುವ ಗುಂಡಿ

ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವನು. ಸನತ್‌ನಗರದ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತೇನೆ. ನನ್ನ ಕೆಲಸದಲ್ಲಿ ಯಾರೂ ತಪ್ಪು ಹಿಡಿದಿಲ್ಲ. ಅಂಥವನು ಅವತ್ತು ಮನೆಯ ಹಳೇ ಕಂಪ್ಯೂಟರಿನ ಒಂದು ಗುಂಡಿ ಒತ್ತಲು ಹಿಂಜರಿದೆ.

ಅದು ತೆರೆದುಕೊಳ್ಳುವಷ್ಟರಲ್ಲಿ ಮಗಳ ಆನ್‌ಲೈನ್ ಕ್ಲಾಸು ಅರ್ಧ ಮುಗಿದಿರುತ್ತಿತ್ತು. ಹಳೇ ಮಷೀನಿನಲ್ಲೂ ಹಗುರಾಗಿ ಓಡುವ, ಪುಕ್ಕಟೆ ಸಿಗುವ ಲಿನಕ್ಸ್ ಅನ್ನೋ ಸಾಫ್ಟ್‌ವೇರನ್ನು ಆಕೆ ಕಾಲೇಜಿನಿಂದ ಪೆನ್‌ಡ್ರೈವಿನಲ್ಲಿ ತಂದಿದ್ದಳು. ಅದನ್ನು ಹಾಕಿದರೆ ಒಳಗಿದ್ದದ್ದೆಲ್ಲ ಅಳಿಯುತ್ತದಂತೆ. ಒಳಗೆ, ತೀರಿಹೋದ ನನ್ನ ಹೆಂಡತಿಯ ಒಂದೇ ಒಂದು ವಿಡಿಯೋ ಇತ್ತು.

"ನನ್ನ ಫೋನಿಗೆ ಹಾಕ್ಕೊಂಡೀನಿ ಅಪ್ಪಾ, ಒತ್ತು."

"ಲೇತಿನ್ಯಾಗ ಒಮ್ಮೆ ಕೊರೆದ ಕಬ್ಬಿಣ ಮತ್ತ ಬೆಳಿಯೂದಿಲ್ಲವ್ವಾ. ಇನ್ನೊಮ್ಮೆ ತೋರ್ಸು."

"ಎಷ್ಟ್ ಸಲ ನೋಡ್ತಿ! ಅವ್ವ ಇದ್ದಿದ್ರ, 'ಕಬ್ಬಿಣ ಕೊರಿಯೋರು ಗುಂಡಿಗೆ ಹೆದರ್ತೀರೇನ್ರಿ' ಅಂತಿದ್ದಳು."

ಫೋನಿನಲ್ಲಿ ಹೆಂಡತಿ ಮತ್ತೆ ರೊಟ್ಟಿ ಬಡಿದಳು, ನಾಚಿ "ಸಾಕು, ಬಂದ್ ಮಾಡ್ರಿ" ಅಂದಳು. ಕಣ್ಣು ಮುಚ್ಚಿ ಒತ್ತಿದೆ. ಪರದೆ ಕಪ್ಪಾಯಿತು.

ಕಂಪ್ಯೂಟರ್ ಹೊಸದರಂತೆ ಎದ್ದಿತು, ಮಗಳು ಕ್ಲಾಸಿಗೆ ಕೂತಳು. ವಿಡಿಯೋವನ್ನು ಅದಕ್ಕೂ ವಾಪಸ್ ಹಾಕಿಸಿದೆ. ಆದರೂ ಮಗಳು ಆ ಫೋನು ಹಿಡಿದು ಕಾಲೇಜಿಗೆಂದು ನಾರಾಯಣಗೂಡದ ಬಸ್ಸು ಹತ್ತಿದರೆ, ಅದೆಲ್ಲಿ ಕಳೆದುಹೋದೀತೋ ಅಂತ ಇವತ್ತಿಗೂ ನನ್ನ ಎದೆ ಡವಡವ ಅನ್ನುತ್ತದೆ.