ಗುಮ್ಮಕ್ಕನ ಕಿವಿ, ಅಣ್ಣನ ಅಂಗೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈರ್ ಅಂಗಡಿಗೂ ಲಾಂಡ್ರಿಗೂ ನಡುವೆ ಒತ್ತಿಕೊಂಡಿರುವ ತಗಡಿನ ಶೆಡ್ಡಿನಲ್ಲಿ ಹಳೆಯ ಬಿಳಿ ಟ್ಯಾಕ್ಸಿಯೊಂದು ನಾಲ್ಕೂ ಬಾಗಿಲು ತೆರೆದುಕೊಂಡು ನಿಂತಿದೆ. ಅದರ ಮುಂದಿನ ಸೀಟುಗಳೆರಡು ಹೊರಗೆ ಸಿಮೆಂಟು ನೆಲದ ಮೇಲೆ, ಮಾತಿಗೆ ಬಂದ ನೆಂಟರ ಹಾಗೆ ಎದುರುಬದುರು ಕೂತಿವೆ. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಎರಡು ಪಾದಗಳಷ್ಟೇ ಹೊರಚಾಚಿವೆ. ಒಳಗಿನಿಂದ ತಗಡಿಗೆ ಟಕ್ ಟಕ್ ಎಂದು ಬಡಿದ ಸದ್ದು. ಬಾನೆಟ್ಟಿನ ಬಳಿ ಕಾರಿನ ಮೈಮೇಲೆ ಅಂಗೈ ಇಟ್ಟು ನಿಂತಿರುವ ಅಣ್ಣ, ದಪ್ಪನೆಯ ಕೆಂಪು ವೈರನ್ನು ಒಂದು ಗೇಣು ಒಳಕ್ಕೆ ತಳ್ಳುತ್ತಾರೆ.

ಆ ಪಾದಗಳು ಗುಮ್ಮಕ್ಕನವು, ಹೊರಗೆ ನಿಂತಿರುವುದು ಅವರ ಒಡಹುಟ್ಟಿದ ಅಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಕಾರುಗಳಿಗೆ ಸಬ್‌ವೂಫರ್ ಕೂರಿಸಿ, ಹಾಡಿನ ತಳದಲ್ಲಿರುವ ಆ 'ಗುಮ್' ಎಂಬ ಸದ್ದನ್ನು ಸರಿಯಾಗಿ ಹೊರಡಿಸಿಕೊಡುವುದು ಅವರ ಕಸುಬು. ಹೆಸರು ಬಂದದ್ದೂ ಅಲ್ಲಿಂದಲೇ. ಹಟ ಮಾಡುವ ಮಕ್ಕಳನ್ನು ಹೆದರಿಸಲು ಬೀದಿಯ ತಾಯಂದಿರು ಈ ಹೆಸರನ್ನು ಬಳಸಿಕೊಳ್ಳುತ್ತಾರೆ ಎಂಬುದು ಅವರಿಗೂ ಗೊತ್ತು. "ಬಳಸ್ಕೊಳ್ಳಲಿ ಬಿಡಿ, ಅದಕ್ಕೇನು ಕರೆಂಟ್ ಖರ್ಚಾಗಲ್ಲವಲ್ಲ" ಎನ್ನುತ್ತಾರೆ.

ಕಾರಿನಿಂದ ಹೊರಬಂದು ಅವರು ಬ್ಯಾಟರಿಯ ಹತ್ತಿರವೇ ಫ್ಯೂಸ್ ಕೂರಿಸುತ್ತಾರೆ. ಆಮೇಲೆ ಸೀಟಿನ ಕೆಳಗೆ ನೆಲದ ಬಣ್ಣವನ್ನು ಚೂರು ಕೆರೆದು, ಬರಿ ತಗಡು ಹೊಳೆಯುವವರೆಗೂ ಉಜ್ಜಿ, ಅರ್ಥ್ ವೈರನ್ನು ಬಿಗಿಯುತ್ತಾರೆ. ಟ್ಯಾಕ್ಸಿಯ ಡಿಕ್ಕಿ ಪ್ರಯಾಣಿಕರ ಪೆಟ್ಟಿಗೆಗಳಿಗೆ ಬೇಕು. ಹಾಗಾಗಿ ಸಬ್‌ವೂಫರ್ ಕೂರಿಸಲು ಸೀಟುಗಳ ಅಡಿಗೆ ಹಿಡಿಸುವಂಥ ಎರಡು ತೆಳು ಪೆಟ್ಟಿಗೆಗಳನ್ನು ಅಣ್ಣ ಪ್ಲೈವುಡ್ಡಿನಲ್ಲಿ ಮಾಡಿಟ್ಟಿದ್ದಾರೆ. ದಿನಕ್ಕೆ ಒಂದೇ ಕಾರು ಎಂಬುದು ಇಲ್ಲಿಯ ನೇಮ. ಅವಸರದವರಿಗೆ ಪಕ್ಕದ ಬೀದಿಯಲ್ಲಿ ಬೇರೆ ಅಂಗಡಿಗಳಿವೆ.

ಗುಮ್ಮಕ್ಕ ಈ ಕೆಲಸಕ್ಕೆ ಬಂದದ್ದು ಬೇಕೆಂದಲ್ಲ. ಇದೇ ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅವರು ಸೀಟ್ ಕವರ್ ಹೊಲಿಯುತ್ತಿದ್ದರು. ಸ್ಟೀರಿಯೊ ಪೂರ್ತಿ ಅಣ್ಣನದು. ಅವರ ಕೈಯಲ್ಲಿ ಹೊರಟ ಕಾರು ತಿರುವಿನಾಚೆ ಇರುವಾಗಲೇ ಕಿಟಕಿ ಗಾಜುಗಳಿಗೆ ಸುದ್ದಿ ಮುಟ್ಟುತ್ತಿತ್ತು. ಯಾರ ಕಾರಿನ ಸದ್ದು ಜೋರು ಎಂದು ಊರು ನಡುಗಿಸುವ ಪಂದ್ಯಗಳಲ್ಲಿ ಅವರು ಕಟ್ಟಿದ ಕಾರುಗಳೇ ಗೆಲ್ಲುತ್ತಿದ್ದವು. ಪ್ರತಿ ಕಾರನ್ನೂ ಬಾಗಿಲು ಮುಚ್ಚಿಕೊಂಡು, ಒಳಗೆ ಕೂತು, ಸದ್ದನ್ನು ತುದಿಗೇರಿಸಿ ಪರೀಕ್ಷಿಸುವುದು ಅವರ ರೂಢಿ. ಕಿವಿಗೆ ಹತ್ತಿಯಾದರೂ ಇಟ್ಟುಕೋ ಎಂದು ತಂಗಿ ಹೇಳಿದರೆ, ಅಡುಗೆಯವನು ಮೂಗು ಮುಚ್ಚಿಕೊಂಡು ಒಗ್ಗರಣೆ ಹಾಕುತ್ತಾನೆಯೇ ಎಂದು ನಗುತ್ತಿದ್ದರು.

ಕಿವಿಯೊಳಗೆ ಜೀರುಂಡೆ ಹೊಕ್ಕಂತೆ ಸದ್ದು ಶುರುವಾದಾಗ ಅಣ್ಣ ಯಾರಿಗೂ ಬಾಯಿ ಬಿಡಲಿಲ್ಲ. ಇತ್ತ ಗಿರಾಕಿಗಳು ಒಬ್ಬೊಬ್ಬರೇ ವಾಪಸ್ ಬರತೊಡಗಿದರು. ಹಾಡು ಗಾಜು ಗೀಚಿದ ಹಾಗೆ ಚುಚ್ಚುತ್ತಿದೆ ಎಂಬುದು ಎಲ್ಲರ ದೂರು. ಮೇಲಿನ ಸ್ವರಗಳು ತನಗೆ ಕೇಳುತ್ತಿಲ್ಲವೆಂದು ಅವರು ಅವನ್ನೇ ಏರಿಸುತ್ತ ಹೋಗಿದ್ದರು. ತಪ್ಪು ಸ್ಪೀಕರಿನದು ಎಂದು ಇಬ್ಬರೂ ನಂಬಿದ್ದರು. ತಂಗಿ ನಿಜವಾಗಿ ನಂಬಿದ್ದರು, ಅಣ್ಣ ನಂಬಲು ಹೆಣಗುತ್ತಿದ್ದರು.

ಒಂದು ಬೆಳಗ್ಗೆ ಅಣ್ಣ ಶೆಡ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ವೈರು ಸುಲಿಯುತ್ತಿದ್ದಾಗ ಲಾಂಡ್ರಿಯ ವ್ಯಾನು ಹಿಂದಕ್ಕೆ ಬಂತು. ಅದರ ರಿವರ್ಸ್ ಬೀಪು ಇಡೀ ಬೀದಿಗೆ ಕೇಳುತ್ತಿತ್ತು. ಅಣ್ಣ ಕದಲಲಿಲ್ಲ. ಹೊಲಿಗೆ ಯಂತ್ರ ಬಿಟ್ಟು ಓಡಿದ ತಂಗಿ ಅಂಗಿಯ ಕಾಲರ್ ಹಿಡಿದು ಎಳೆದುಹಾಕಿದರು. ಸುಲಿಯುತ್ತಿದ್ದ ವೈರಿನ ಸುರುಳಿ ಚಕ್ರದಡಿ ಸಿಕ್ಕಿ ಅಪ್ಪಚ್ಚಿಯಾಯಿತು.

ನೆಲದ ಮೇಲೆ ಕೂತೇ ಅಣ್ಣ ಕೇಳಿದರಂತೆ: "ಅದು ಕೂಗ್ತಿತ್ತಾ?"

"ತಪ್ಪು ಸ್ಪೀಕರಿನದಲ್ಲ ಅಂತ ನನಗೆ ಆಗ ಗೊತ್ತಾಯ್ತು" ಎನ್ನುತ್ತಾರೆ ಗುಮ್ಮಕ್ಕ. "ಬಯ್ಯಬೇಕು ಅಂತ ಬಾಯಿ ತೆಗೆದಿದ್ದೆ. ಬಯ್ಯೋದು ಬಿಟ್ಟು, ಕೈ ಹಿಡಿದು ಎಬ್ಬಿಸಿ ಡಾಕ್ಟರ ಹತ್ರ ಕರ್ಕೊಂಡು ಹೋದೆ."

ಮೇಲಿನ ಸ್ವರಗಳು ಹೋದವು, ಇನ್ನು ಬರುವುದಿಲ್ಲ, ತಗ್ಗಿನವು ಮಾತ್ರ ಉಳಿದಿವೆ ಎಂದರು ವೈದ್ಯರು. ಊಟದ ತಟ್ಟೆಯ ಮುಂದೆ ಕೂತರೂ ಅಣ್ಣನ ಕೈ ಬಾಯಿಗೆ ಹೋಗುತ್ತಿರಲಿಲ್ಲ. ಕೊನೆಗೆ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಶೆಡ್ಡಿನ ಸಾಮಾನನ್ನೆಲ್ಲ ಒಯ್ಯಲು ಹೇಳಿದರು. ಆತ ಗರಗಸ ಎತ್ತಿ ಅಲಗು ನೋಡುತ್ತಿದ್ದಾಗ ತಂಗಿ ಎದ್ದು ಬಂದು ಅದನ್ನು ಇಸಿದುಕೊಂಡು ಮೊಳೆಗೆ ನೇತುಹಾಕಿದರು. ಬಂದವರಿಗೆ ಟೀ ಕೊಟ್ಟು ಕಳಿಸಿದರು. ಅಣ್ಣನ ಎದುರು ಕೂತು, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು: "ಕಿವಿ ಹೋಗಿದೆ, ಕೈ ಹೋಗಿಲ್ಲ. ನೀನು ಹೇಳು, ನಾನು ಕೇಳ್ತೀನಿ."

ಕಲಿಕೆ ಹೂವಿನ ಹಾಸಿಗೆಯಾಗಿರಲಿಲ್ಲ. ಮೊದಲ ಕಾರಿನಲ್ಲಿ ಗುಮ್ಮಕ್ಕ ಕರೆಂಟಿನ ವೈರನ್ನೂ ಹಾಡಿನ ವೈರನ್ನೂ ಜೋಡಿ ಎತ್ತಿನ ಹಾಗೆ ಒಟ್ಟಿಗೇ ಎಳೆದಿದ್ದರು. ಎಂಜಿನ್ ಏರಿದ ಹಾಗೆಲ್ಲ ಸ್ಪೀಕರಿನಲ್ಲಿ ಸೊಳ್ಳೆಯ ಗುಂಯ್. ಆ ಸದ್ದು ಅಣ್ಣನಿಗೆ ಕೇಳಲೇ ಇಲ್ಲ. ಸೊಳ್ಳೆ ಎಂಜಿನ್ ಜೊತೆ ಏರುತ್ತದೆಯೋ ಇಲ್ಲವೋ ಎಂದಷ್ಟೇ ವಿಚಾರಿಸಿ, ಕಾರ್ಪೆಟ್ ಪೂರ್ತಿ ಎಬ್ಬಿಸಿ ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಹಾಕಿಸಿದರು. ಹೆಂಗಸಿನ ಕೈಗೆ ಕಾರು ಕೊಡುವುದೇ ಎಂದು ಗೊಣಗಿ ಹೋದವರೂ ಇದ್ದರು. ಬಾಗಿಲಿನ ಪ್ಯಾನೆಲ್ಲನ್ನು ಒಂದು ಕ್ಲಿಪ್ಪೂ ಮುರಿಯದೆ ಕಳಚುವ ಕೈ ಇದು ಎಂದು ತಿಳಿದ ಮೇಲೆ ಅವರಲ್ಲೇ ಕೆಲವರು ಮರಳಿ ಬಂದರು. ಸೀಟ್ ಕವರ್ ಹೊಲಿದ ಬೆರಳುಗಳಿಗೆ ಅದು ನೀರು ಕುಡಿದಷ್ಟು ಸುಲಭ.

ಈಗ ಕೆಲಸ ಹಂಚಿಹೋಗಿದೆ. ಪೆಟ್ಟಿಗೆ ಅಣ್ಣನದು, ಕಿವಿ ತಂಗಿಯದು. ಸಬ್‌ವೂಫರ್ ಮಿಡಿಯುವಾಗ ಅಣ್ಣ ಪೆಟ್ಟಿಗೆಯ ಅಂಚಿನುದ್ದಕ್ಕೂ ಅಂಗೈ ಸವರುತ್ತಾರೆ. ಎಲ್ಲಾದರೂ ಗಾಳಿ ಸೋರಿದರೆ, ಮಗು ಊದಿದ ಹಾಗೆ ಗೊತ್ತಾಗುತ್ತದಂತೆ. ಜೋರು ಸದ್ದಿನ ಪರೀಕ್ಷೆ ನಡೆಯುವಾಗ ಕಾರಿನೊಳಗೆ ಯಾರೂ ಕೂರುವಂತಿಲ್ಲ, ಕಾರಿನ ಯಜಮಾನರೂ ಸಹ. ಗುಮ್ಮಕ್ಕ ಹೊರಗೆ ನಿಂತು, ಕಿವಿಗೆ ಬಿರಡೆ ಇಟ್ಟುಕೊಂಡೇ ಗುಂಡಿ ತಿರುಗಿಸುತ್ತಾರೆ. ಮೊನ್ನೆ ತರುಣನೊಬ್ಬ ಬಂದು, ಬೀದಿಯ ಆ ತುದಿಯ ಕಿಟಕಿ ಅದುರಬೇಕು ಎಂದು ಕೇಳಿದ. "ಬೀದಿ ನನ್ನ ಗಿರಾಕಿ ಅಲ್ಲಪ್ಪ, ನೀನು" ಎಂದರು ಅವರು. ಅವನು ಮುಖ ಊದಿಸಿಕೊಂಡು ಹೋದ. ಗುಮ್ಮಕ್ಕ ಕೂಗಿ ಕರೆಯಲಿಲ್ಲ.

ಹೊತ್ತು ಏರುವಷ್ಟರಲ್ಲಿ ಟ್ಯಾಕ್ಸಿಯ ಸೀಟುಗಳು ಒಳಗೆ ಸೇರಿವೆ. ಹಾಡು ಹಚ್ಚುತ್ತಲೇ ಹಿಂದುಗಡೆ ಏನೋ ಕಟಕಟ. ಗುಮ್ಮಕ್ಕ ಕಾರಿನ ಸುತ್ತ ಒಂದೊಂದೇ ಕಡೆ ಬೆರಳೊತ್ತುತ್ತ ನಡೆದು ನಂಬರ್ ಪ್ಲೇಟನ್ನು ಹಿಡಿಯುತ್ತಾರೆ. ಸದ್ದು ನಿಲ್ಲುತ್ತದೆ. ಅದರ ಹಿಂದೆ ಫೋಮಿನ ಪಟ್ಟಿ ಅಂಟಿಸಿ, ಸದ್ದು ಇಳಿಸಿ ಒಳಗೆ ಕೂರುತ್ತಾರೆ. ಕಣ್ಣು ಮುಚ್ಚಿ, ಸದ್ದು ಹೆಚ್ಚಿಸುವ ಆಂಪ್ಲಿಫೈಯರಿನ ಗುಂಡಿಯನ್ನು ಕಿವಿ ಹಿಂಡಿದ ಹಾಗೆ ಕೂದಲೆಳೆಯಷ್ಟು ತಿರುಗಿಸುತ್ತಾರೆ. ಆ ಗುಮ್ ಸದ್ದು ಎದ್ದು ಕಾಣದೆ ಹಾಡಿನ ತಳಕ್ಕೆ ಹೋಗಿ ಕೂರುತ್ತದೆ. ಟ್ಯಾಕ್ಸಿ ಒಯ್ಯಲು ಬಂದ ಚಾಲಕ ಪಕ್ಕದಲ್ಲಿ ಕೂತು ಸ್ಟೀರಿಂಗ್ ಹಿಡಿದುಕೊಂಡು ಕೇಳುತ್ತಾನೆ. ಈ ಹಾಡಿನಲ್ಲಿ ಇಂಥದ್ದೊಂದು ತಂತಿವಾದ್ಯದ ನಾದ ಇತ್ತೆಂದು ತನಗೆ ಗೊತ್ತೇ ಇರಲಿಲ್ಲ ಎನ್ನುತ್ತಾನೆ. ಗುಮ್ಮಕ್ಕ ಹಾಡು ನಿಲ್ಲಿಸಿ ಸ್ಪ್ಯಾನರುಗಳನ್ನು ಒರೆಸತೊಡಗುತ್ತಾರೆ.

ಅವರಿಗೆ ಸ್ವಂತ ಕಾರಿಲ್ಲ, ಇರಬೇಕೆಂದೂ ಇಲ್ಲ. ಆಸೆ ಏನಾದರೂ ಇದೆಯೇ ಎಂದರೆ, ಒರೆಸಿದ ಸ್ಪ್ಯಾನರನ್ನು ಮೊಳೆಗೆ ನೇತುಹಾಕುತ್ತ ಹೇಳುತ್ತಾರೆ:

"ಈ ಕೆಲಸಕ್ಕೆ ಬಂದಮೇಲೆ ನಾನು ಒಂದು ಹಾಡನ್ನೂ ಪೂರ್ತಿ ಕೇಳಿಲ್ಲ. ಪರೀಕ್ಷೆಗೆ ಒಂದು ತುಂಡು ಸಾಕು, ಅಷ್ಟಕ್ಕೇ ನಿಲ್ಲಿಸ್ತೀನಿ. ಒಂದಿನ ಅಣ್ಣನ್ನ ಕೂರಿಸ್ಕೊಂಡು, ಬೇರೆ ಯಾರಾದರೂ ಗಾಡಿ ಓಡಿಸ್ತಿರಬೇಕು, ನಾವಿಬ್ಬರೂ ಹಿಂದೆ ಕೂತು ಒಂದು ಹಾಡು ಮೊದಲಿಂದ ಕೊನೆವರೆಗೂ ಕೇಳಬೇಕು. ಮೇಲಿಂದು ನನಗೆ ಕೇಳುತ್ತೆ, ಕೆಳಗಿಂದು ಅವನಿಗೂ ಕೇಳುತ್ತೆ. ಇಬ್ಬರಿಗೂ ಸೇರಿ ಒಂದು ಹಾಡಾಗುತ್ತೆ."