ಆರ್ಲಿಸ್ ಮನೆಯ ಎರಡನೇ ಊಟ

ಕಿಟಕಿ ಕಾರ್ಖಾನೆಗೆ ಸೇರಿದ ಮೊದಲ ವರ್ಷ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ಮಧ್ಯಾಹ್ನ, ನಾನು ಊಟದ ಮಧ್ಯೆ ಕೂತು ಉಪವಾಸ ಮಾಡಿದೆ. ಊಟದ ಕೋಣೆಯ ಗೋಡೆಯುದ್ದಕ್ಕೂ ಸ್ಲೋ ಕುಕ್ಕರ್‌ಗಳು, ದಿನವಿಡೀ ಸಣ್ಣ ಕಾವಿನಲ್ಲಿ ಬೇಯಿಸುವ ಕರೆಂಟಿನ ಪಾತ್ರೆಗಳು, ಸಾಲಾಗಿ ಕೂತಿದ್ದವು. ಪ್ರತಿಯೊಂದರ ಮುಚ್ಚಳಕ್ಕೂ ಕಾಗದದ ಟೇಪು, ಟೇಪಿನ ಮೇಲೆ ಒಂದು ಹೆಸರು. ಯಾರ ಹೆಸರಿದೆಯೋ ಅದು ಅವರ ಪಾಲು ಎಂದುಕೊಂಡೆ. ಸಾಲಿನ ಆ ತುದಿಯವರೆಗೆ ಹೋಗಿ ಬಂದೆ. ವೇಡ್ ಎಂಬ ನನ್ನ ಹೆಸರು ಎಲ್ಲೂ ಇರಲಿಲ್ಲ. ಹೊಸಬನಿಗೆ ಯಾರು ತಾನೇ ಅಡುಗೆ ಮಾಡುತ್ತಾರೆ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡು, ಮೂಲೆಯ ಯಂತ್ರಕ್ಕೆ ಕಾಸು ಹಾಕಿ ಚಿಪ್ಸ್ ತೆಗೆದುಕೊಂಡು ಬಂದು ಕೂತೆ. ವಾಪಸ್ ಒಯ್ಯುವಾಗ ಪಾತ್ರೆ ಅದಲುಬದಲಾಗಬಾರದೆಂದು ತಂದವರು ತಮ್ಮ ಹೆಸರು ಅಂಟಿಸಿರುತ್ತಾರೆ ಎನ್ನುವುದು ಮಿನೆಸೋಟದಲ್ಲಿ ಈಗಷ್ಟೇ ನಡೆಯಲು ಕಲಿತ ಮಕ್ಕಳಿಗೂ ಗೊತ್ತು. ಡಬ್ಬಿ ಸೂಪು ಕುಡಿದು ಬೆಳೆದ ನನಗೆ ಗೊತ್ತಿರಲಿಲ್ಲ.

"ಹೊಟ್ಟೆ ಸರಿಯಿಲ್ವೇನೋ?" ಎಂದು ಕೇಳಿದವರು ಆರ್ಲಿಸ್ ಟಾಲೆಫ್ಸನ್. ನಾನು ಫೋರ್ಕ್‌ಲಿಫ್ಟಿನಲ್ಲಿ ತಂದಿಳಿಸುವ ಗಾಜನ್ನು ಚೌಕಟ್ಟಿಗೆ ಕೂರಿಸುವವರು.

"ಸರಿಯಾಗೇ ಇದೆ. ನನ್ನ ಹೆಸರಿನ ಪಾತ್ರೆ ಇಲ್ಲ, ಅಷ್ಟೆ."

ಅವರು ಗಾಜಿನಲ್ಲಿ ಬಿರುಕು ಹುಡುಕುವ ಹಾಗೆ ನನ್ನ ಮುಖ ನೋಡಿದರು. ಆಮೇಲೆ ಇಡೀ ಕೋಣೆಗೆ ಕೇಳುವ ಹಾಗೆ, "ನೋಡ್ರಪ್ಪಾ, ಇಂಥವನ ಕೈಗೆ ಗಾಜು ಕೊಡ್ತೀವಿ ನಾವು" ಎಂದರು. ತಟ್ಟೆಯನ್ನೂ ಅವರೇ ತಂದುಕೊಟ್ಟರು.

ಆರ್ಲಿಸ್ ಆಗಲೇ ಐವತ್ತು ದಾಟಿದ್ದರು. ಲೈಲ್ ಎಂಬಾತನ ಹೆಂಡತಿಯಾಗಿ ಇದ್ದಷ್ಟು ವರ್ಷವೂ ಅವನ ಬಳಗಕ್ಕೆಲ್ಲ ಹಬ್ಬದ ಟರ್ಕಿ ಕೋಳಿ ಬೇಯಿಸಿದವರು ಅವರೇ. ಕತ್ತಲಲ್ಲಿ ಎದ್ದು ಹಕ್ಕಿಯನ್ನು ಓವನ್ನಿಗೆ ತುರುಕುವುದು, ಮತ್ತೆ ಮತ್ತೆ ಬಾಗಿಲು ತೆಗೆದು ಬೆಣ್ಣೆ ಸುರಿಯುವುದು, ಮುಖ ಸುಟ್ಟುಕೊಳ್ಳುವುದು. ಊಟದ ಹೊತ್ತಿಗೆ ಲೈಲ್ ಎದ್ದು ನಿಂತು, ಉದ್ದದ ಚಾಕು ಮಸೆದು, ತೆಳ್ಳಗೆ ಕೊಯ್ದು ಬಡಿಸುತ್ತಿದ್ದ. ಎಲ್ಲರೂ "ಏನ್ ಚೆನ್ನಾಗಿ ಮಾಡಿದೀಯ ಲೈಲ್" ಎನ್ನುತ್ತಿದ್ದರು. ನಮ್ಮ ಕಡೆ ಕೊಯ್ದವನೇ ಬೇಯಿಸಿದವನು.

ಸೋಡಚೀಟಿಯಾದಾಗ ಮನೆ ಲೈಲ್‌ಗೆ ಹೋಯಿತು, ಮನೆಯ ಜೊತೆ ಓವನ್ನೂ ಹೋಯಿತು. ಆರ್ಲಿಸ್ ತಮ್ಮ ಸ್ಲೋ ಕುಕ್ಕರನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು, ಬೆಲ್ಟ್ ಹಾಕಿ, ಕ್ಷೌರದಂಗಡಿಯ ಮೇಲಿನ ಕೋಣೆಗೆ ಬಂದರು. ಗೋಡೆಯಾಚೆ ನಾನಿದ್ದೆ. ಅವರ ಕೋಣೆಯಲ್ಲಿ ಇದ್ದದ್ದು ಎರಡು ಉರಿಯ ಒಲೆ ಮಾತ್ರ. ಬೆಳಿಗ್ಗೆ ಕುಕ್ಕರಿಗೆ ಏನಾದರೂ ಹಾಕಿ ಕೆಲಸಕ್ಕೆ ಬರುತ್ತಿದ್ದರು. ಸಂಜೆ ಮೆಟ್ಟಿಲು ಹತ್ತುವಾಗಲೇ ವಾಸನೆ ಎದುರಾಗುತ್ತಿತ್ತು. ಆ ವಾಸನೆಗೆ ನನ್ನ ಬಾಗಿಲು ಎಷ್ಟು ಸಲ ತಾನಾಗಿ ತೆರೆದುಕೊಂಡಿತೋ ಹೇಳಲಾರೆ.

ಅಪ್ಪ ಅಮ್ಮ ಬೇರೆಯಾದ ಮಕ್ಕಳಿಗೆ ಹಬ್ಬದ ದಿನ ಎರಡು ಊಟ. ಮಧ್ಯಾಹ್ನ ಒಬ್ಬರ ಮನೆಯಲ್ಲಿ, ಸಂಜೆ ಇನ್ನೊಬ್ಬರ ಮನೆಯಲ್ಲಿ. ಮಧ್ಯಾಹ್ನ ಸಿಕ್ಕವರದು ಗೆಲುವು. ಸಂಜೆಯವರ ಪಾಲಿಗೆ ಬರುವುದು ತುಂಬಿದ ಹೊಟ್ಟೆ. ಆರ್ಲಿಸ್‌ರ ಮಗ ಕರ್ಟ್ ಮದುವೆಯಾಗುವ ವಯಸ್ಸಿನವನು. ಬೇರೆಯಾದ ಮೊದಲ ವರ್ಷ ಅವರ ಕೋಣೆಗೆ ಬಂದವನು ಕೋಟನ್ನೂ ಬಿಚ್ಚದೆ ಕಾಫಿ ಕುಡಿದು ಹೋಗಿದ್ದ.

"ಈ ಸಲ ಅವನು ಕೂತು ತಿನ್ನಬೇಕು. ಇಲ್ಲಿ, ಈ ಮೇಜಿನ ಮುಂದೆ," ಎಂದರು ಆರ್ಲಿಸ್. ಅದು ಅವರು ಬೇರೆಯಾದ ಎರಡನೇ ವರ್ಷದ ಹಬ್ಬದ ವಾರ.

ಕಾರ್ಖಾನೆಯವರು ಕೊಟ್ಟ ಟರ್ಕಿ ಭಾನುವಾರದಿಂದಲೇ ಅವರ ಫ್ರಿಜ್ಜಿನಲ್ಲಿ ಮಂಜು ಬಿಡುತ್ತಿತ್ತು. ಜಾಗ ಸಾಲದೆ ಅವರ ಹಾಲು, ಮೊಟ್ಟೆ ನನ್ನ ಫ್ರಿಜ್ಜಿಗೆ ಬಂದವು. ಮೊಟ್ಟೆ ಕಡಿಮೆಯಾದದ್ದನ್ನು ಗಮನಿಸಿಯೂ ಅವರು ಸುಮ್ಮನಿದ್ದರು. ಹಬ್ಬದ ಬೆಳಿಗ್ಗೆ ಗೋಡೆ ತಟ್ಟಿ ಕರೆದರು. ಹಕ್ಕಿ ಕುಕ್ಕರಿಗಿಂತ ದೊಡ್ಡದು. ತುಂಡು ಮಾಡದೆ ಗತಿಯಿರಲಿಲ್ಲ.

"ಗರಗಸ ತರ್ಲಾ?" ಎಂದೆ.

"ಕಿಟಕಿ ಮಾಡ್ತಿದೀವೇನೋ? ಕೀಲು ಎಲ್ಲಿದೆ ನೋಡು, ಅಲ್ಲಿಗೆ ಚಾಕು ಹಾಕು."

ಕೀಲು ಸಿಗಲಿಲ್ಲ. ನನ್ನ ಬೆರಳು ಸಿಕ್ಕಿತು. ಅವರು ನನ್ನ ಬೆರಳಿಗೆ ಪಟ್ಟಿ ಸುತ್ತಿ, ನನ್ನನ್ನು ಕುರ್ಚಿಗೆ ಕಳಿಸಿ, ತಾವೇ ಕೊಯ್ದರು. ತಳಕ್ಕೆ ಈರುಳ್ಳಿ, ಸೆಲರಿ ದಂಟು. ಅದರ ಮೇಲೆ ತೊಡೆ, ಮೇಲೆ ಎದೆ. ಉಪ್ಪು, ಮೆಣಸು, ಬೆಣ್ಣೆ, ಒಣ ಸೇಜ್ ಸೊಪ್ಪು. ಕೊನೆಗೆ ಖಾರವಿಲ್ಲದ ಕೆಂಪು ಮೆಣಸಿನ ಪುಡಿಯನ್ನು ಧಾರಾಳವಾಗಿ ಸವರಿದರು.

"ಅದ್ಯಾಕೆ?"

"ಇದರಲ್ಲಿ ಚರ್ಮ ಕೆಂಪಗಾಗಲ್ಲ ಕಣೋ. ಬಿಳಚಿಕೊಂಡಿರತ್ತೆ. ಸ್ವಲ್ಪ ಪೌಡರ್ ಹಚ್ಚಿದ್ರೆ ನೋಡೋರಿಗೆ ಹೆದರಿಕೆಯಾಗಲ್ಲ."

"ನೀರು ಹಾಕಲೇ ಇಲ್ಲ."

"ಅದೇ ಬಿಡತ್ತೆ."

ಮುಚ್ಚಳ ಬಿತ್ತು. ಮುಚ್ಚಳ ತೆಗೆದರೆ ಸೇರಿಕೊಂಡ ಕಾವೆಲ್ಲ ಹೋಗಿ ಅಡುಗೆ ಹಿಂದೆ ಬೀಳುತ್ತದಂತೆ. ನಾನು ಒಮ್ಮೆ ಕೈ ಹಾಕಿದ್ದಕ್ಕೆ ಮರದ ಸೌಟು ನನ್ನ ಒಳ್ಳೆಯ ಕೈಗೂ ಬಿತ್ತು. ಮಧ್ಯಾಹ್ನ ಕಳೆಯಿತು. ಲೈಲ್ ಮನೆಯಲ್ಲಿ ಈಗ ಕೊಯ್ಯುತ್ತಿರುತ್ತಾರೆ ಎಂದು ನನಗನ್ನಿಸಿತು. ಅವರಿಗೂ ಅನ್ನಿಸಿರಬೇಕು, ಆಲೂಗಡ್ಡೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಜಜ್ಜಿದರು. ಬೆಂದ ಮೇಲೆ ಕುಕ್ಕರಿನ ಗುಂಡಿಯನ್ನು ಬಿಸಿ ಆರದಂತೆ ಇಡುವ ಕಡೆಗೆ ತಿರುಗಿಸಿ, ಕಿಟಕಿಯ ಬಳಿ ಕೂತರು.

ಬೀದಿದೀಪ ಹತ್ತಿದ ಮೇಲೆ ಕರ್ಟ್ ಬಂದ. ಬೆಲ್ಟು ಒಂದು ತೂತು ಸಡಿಲ, ಬಾಯಲ್ಲಿ ಹಲ್ಲುಕಡ್ಡಿ, ಕೈಯಲ್ಲಿ ಬೆಳ್ಳಿ ಹಾಳೆಯ ಪೊಟ್ಟಣ.

"ಬೆವ್ ಕಳಿಸಿದ್ದಾರಮ್ಮ, ನಿಂಗೆ ಅಂತ. ಟರ್ಕಿ." ಬೆವ್ ಅಂದರೆ ಲೈಲ್‌ನ ಹೊಸ ಹೆಂಡತಿ.

ಆರ್ಲಿಸ್ ಪೊಟ್ಟಣ ಬಿಚ್ಚಿ, ಒಂದು ಚೂರು ಬಾಯಿಗೆ ಹಾಕಿ, ಬಹಳ ಹೊತ್ತು ಅಗಿದರು. ಆಮೇಲೆ ಒಂದು ಲೋಟ ನೀರು ಕುಡಿದರು.

"ಕೋಟು ಬಿಚ್ಚು" ಎಂದರು.

"ಅಮ್ಮ, ಗಂಟಲವರೆಗೂ ತಿಂದಿದೀನಿ. ಒಂದು ಡಬ್ಬಿಗೆ ಹಾಕ್ಕೊಡು, ನಾಳೆ ತಿಂತೀನಿ."

"ಡಬ್ಬಿ ಇಲ್ಲ."

ಸಿಂಕಿನ ಕೆಳಗೆ ತೊಳೆದಿಟ್ಟ ಬೆಣ್ಣೆ ಡಬ್ಬಿಗಳ ಗೋಪುರವೇ ಇತ್ತು. ನಾನು ನನ್ನ ತಟ್ಟೆಯನ್ನು ನೋಡುತ್ತಾ ಕೂತೆ.

ಅವರು ಮುಚ್ಚಳ ತೆಗೆದರು. ಕರ್ಟ್ ಹಲ್ಲುಕಡ್ಡಿ ಬಾಯಿಂದ ತೆಗೆದ, ಆದರೆ ಕೂರಲಿಲ್ಲ. ಮಾಂಸ ಚಮಚಕ್ಕೆ ತಾನಾಗಿ ಮೂಳೆ ಬಿಟ್ಟು ಬರುತ್ತಿತ್ತು. ಅದಕ್ಕೆ ಚಾಕು ಬೇಕಿರಲಿಲ್ಲ, ಎದ್ದು ನಿಂತು ಕೊಯ್ಯುವ ಗಂಡಸೂ ಬೇಕಿರಲಿಲ್ಲ. ಅವನು ಅದನ್ನು ನೋಡಿದ. ಆಮೇಲೆ ಅಮ್ಮನನ್ನು ನೋಡಿದ.

"ನಿಜ ಹೇಳಮ್ಮ. ಇದೆಲ್ಲ ನನಗೋಸ್ಕರನಾ, ಇಲ್ಲಾ ಅಪ್ಪನ ಮೇಲಿನ ಹಠಕ್ಕಾ?"

ಆರ್ಲಿಸ್ ಖಾಲಿ ತಟ್ಟೆಯೊಂದನ್ನು ಅವನ ಮುಂದಿಟ್ಟರು.

"ಹಠಕ್ಕೆ" ಎಂದರು ಆರ್ಲಿಸ್. "ತೊಡೆ ಹಾಕ್ಲಾ, ಎದೆ ಹಾಕ್ಲಾ?"